ಚಳಿಗಾಲದ ಜೇನುಪೆಟ್ಟಿಗೆಗೆ ಸುಂಡಿಲಿಯ ಕಾಟ

ಕೇಳುಗರೆಲ್ಲರಿಗೂ ನಮಸ್ಕಾರ. ಬ್ರಿಟನ್ನಿನಂತಹ ಚಳಿನಾಡುಗಳಲ್ಲಿ ಜೇನು ಸಾಕುವವರು ಅಕ್ಟೋಬರ್ ಬಂತೆಂದರೆ ಪೆಟ್ಟಿಗೆಗಳ ಬಾಗಿಲು ಕಿರಿದು ಮಾಡಲು ಹೊರಡುತ್ತಾರೆ. ಅವರ ಭಯ ಅಂಗೈಯಗಲದ ಸುಂಡಿಲಿಯದು.

ಬೇಸಿಗೆಯಲ್ಲಿ ಇಲಿ ಪೆಟ್ಟಿಗೆಗೆ ಮೂಗು ತೂರಿಸಿದರೆ ಕಾವಲಿನ ಹುಳುಗಳು ಚುಚ್ಚಿ ಕೊಲ್ಲುತ್ತವೆ. ಹೊರಗೆ ಸಾಗಿಸಲಾಗದ ಹೆಣಕ್ಕೆ ಮರದ ಅಂಟು ಮೆತ್ತಿ ಅಲ್ಲೇ ಮುಚ್ಚಿಬಿಡುವುದೂ ಉಂಟು. ಚಳಿ ಬಲಿತ ಮೇಲೆ ಆ ಕಾವಲು ಇರುವುದಿಲ್ಲ. ಹುಳುಗಳೆಲ್ಲ ರಾಣಿಯನ್ನು ನಡುವೆ ಇಟ್ಟುಕೊಂಡು ಒತ್ತೊತ್ತಾಗಿ ಗುಂಪುಗೂಡಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತ ಶಾಖ ಹುಟ್ಟಿಸಿಕೊಳ್ಳುತ್ತವೆ. ಗುಂಪು ಬಿಟ್ಟು ಬಾಗಿಲಿಗೆ ಬಂದ ಹುಳು ಚಳಿಗೆ ಮರಗಟ್ಟುತ್ತದೆ. ಕೆಳಗಿನ ಮೂಲೆ ಖಾಲಿ, ಬೆಚ್ಚಗೆ, ಒಣಗಿ ಇರುತ್ತದೆ. ಇಲಿಗೆ ಬೇಕಾದದ್ದೂ ಅಂಥ ಜಾಗವೇ.

ಒಳಹೊಕ್ಕ ಇಲಿ ಮಾಡುವ ಹಾನಿಯನ್ನು ನೋಡಿದರೆ ಸಂಕಟವಾಗುತ್ತದೆ. ಚೌಕಟ್ಟುಗಳ ಕೆಳಭಾಗದ ಎರಿಯನ್ನು, ಅಂದರೆ ಹುಳುಗಳು ಕಟ್ಟಿದ ಮೇಣದ ಹಲ್ಲೆಯನ್ನು, ಕಚ್ಚಿ ತೆಗೆದು, ಒಣಹುಲ್ಲು, ಎಲೆ, ಪಾಚಿ ತುರುಕಿ ಗೂಡು ಕಟ್ಟುತ್ತದೆ. ಪರಾಗ, ಜೇನು, ಸತ್ತ ಹುಳು ಎಲ್ಲವೂ ಅದಕ್ಕೆ ಆಹಾರ. ಅದರ ಮೂತ್ರದ ನಾತ ಎರಿಗೆ ಹಿಡಿದರೆ ವಸಂತದಲ್ಲಿ ಹುಳುಗಳು ಅದನ್ನು ಬಳಸಲು ಒಪ್ಪುವುದಿಲ್ಲ. ಗಲಾಟೆಗೆ ಪದೇ ಪದೇ ಗುಂಪು ಚದುರಿ, ಮೊದಲೇ ಬಲಹೀನವಾದ ಕುಟುಂಬ ನಾಶವೂ ಆದೀತು. ಬಾಗಿಲ ಬಳಿ ಮೇಣದ ಒರಟು ಚೂರುಗಳು, ಇಲಿಯ ಹಿಕ್ಕೆ ಕಂಡರೆ ಶಂಕಿಸಲೇಬೇಕು.

ಪರಿಹಾರ ಬಹಳ ಸರಳ. ಸುಮಾರು 9ರಿಂದ 10 ಮಿಲಿಮೀಟರ್ ಅಗಲದ ತೂತುಗಳಿರುವ ತಗಡಿನ ಪಟ್ಟಿಯನ್ನು ಬಾಗಿಲಿಗೆ ಅಡ್ಡಲಾಗಿ ಮೊಳೆ ಹೊಡೆದು ಕೂರಿಸುತ್ತಾರೆ. ಹುಳು ಸಲೀಸಾಗಿ ದಾಟುತ್ತದೆ, ಇಲಿಯ ತಲೆಬುರುಡೆ ತೂರುವುದಿಲ್ಲ. ಮರದ ಪಟ್ಟಿಯನ್ನು ನಾನು ನಂಬುವುದಿಲ್ಲ, ಇಲಿ ಅದನ್ನು ಕಡಿದು ದಾರಿ ಮಾಡಿಕೊಳ್ಳಬಲ್ಲದು. ಪೆಟ್ಟಿಗೆಯ ಕೀಲುಗಳಲ್ಲಿ ಸಂದುಗಳಿದ್ದರೆ ಅವನ್ನೂ ಮುಚ್ಚಬೇಕು.

ಕಷ್ಟವಿರುವುದು ಹೊತ್ತು ನೋಡುವುದರಲ್ಲಿ. ಬೇಗ ಹಾಕಿದರೆ ಐವಿ ಬಳ್ಳಿಯ ಹೂವಿನಿಂದ ಪರಾಗ ತರುವ ಹುಳುಗಳ ಕಾಲಿನ ಉಂಡೆಗಳು ತೂತಿಗೆ ತಗುಲಿ ಉದುರುತ್ತವೆ. ತಡಮಾಡಿದರೆ ಒಳಗೆ ಸೇರಿಕೊಂಡ ಇಲಿಯನ್ನು ನಾವೇ ಕೂಡಿಹಾಕಿದಂತೆ. ಅದಕ್ಕೇ ಪಟ್ಟಿ ಬಿಗಿಯುವ ಮೊದಲು ತಳಹಲಗೆಯನ್ನು ಒಮ್ಮೆ ನೋಡಲೇಬೇಕು. ಚಳಿಗಾಲದ ನಡುವೆ ಸತ್ತ ಹುಳುಗಳು ತೂತುಗಳನ್ನು ಮುಚ್ಚಿಕೊಂಡರೆ ಬಾಗಿಸಿದ ತಂತಿಯಿಂದ ಮೆಲ್ಲಗೆ ಎಳೆದು ತೆಗೆಯಬೇಕು. ವಸಂತದಲ್ಲಿ ಪರಾಗ ಬರತೊಡಗಿದಾಗ ಪಟ್ಟಿಯನ್ನು ಬಿಚ್ಚುತ್ತಾರೆ.

ನಮ್ಮ ಕಾಶ್ಮೀರದ ಅನೇಕ ಜೇನು ಕೃಷಿಕರು ಚಳಿಗಾಲಕ್ಕೆ ಪೆಟ್ಟಿಗೆಗಳನ್ನೇ ಲಾರಿಗೆ ಹೇರಿ ರಾಜಸ್ಥಾನದ ಸಾಸಿವೆ ಹೊಲಗಳಿಗೆ ಒಯ್ಯುತ್ತಾರೆ. ಕರ್ನಾಟಕದಲ್ಲಿ ಅಂಥ ಚಳಿಯೂ ಇಲ್ಲ, ಇಲ್ಲಿ ಸಾಕುವ ತುಡುವೆ ಜೇನಿನ ಪೆಟ್ಟಿಗೆಗೆ ಇಲಿಗಿಂತ ಇರುವೆ ಮತ್ತು ಎರಿ ತಿನ್ನುವ ಮೇಣದ ಪತಂಗದ ಕಾಟ ಹೆಚ್ಚು. ಆದರೆ ಕೊಟ್ಟಿಗೆಯ ಅಟ್ಟದಲ್ಲಿ ಎರಿಗಳೊಂದಿಗೆ ಎತ್ತಿಟ್ಟ ಖಾಲಿ ಪೆಟ್ಟಿಗೆಗಳನ್ನು ಇಲ್ಲಿನ ಇಲಿಯೂ ಬಿಡುವುದಿಲ್ಲ. ಅಂಥವನ್ನು ಒಂದರ ಮೇಲೊಂದು ಜೋಡಿಸಿ, ಮೇಲೂ ಕೆಳಗೂ ಸಣ್ಣ ಕಣ್ಣಿನ ತಂತಿಬಲೆ ಹಾಕಿಡಿ. ನಮಸ್ಕಾರ.