ಯಾರ ದುಡ್ಡು, ಯಾರ ಲೆಕ್ಕ: ಆರೆಂಜ್ ಕೌಂಟಿಯ ಕಥೆ

(ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆ ಬಾತ್ ಆದಮೇಲೆ ತೆರಿಗೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಿದ್ದೆ ಬಂದರೆ ಸಂಕೋಚ ಬೇಡ.

ನವೆಂಬರ್ 1 ನಮಗೆ ರಾಜ್ಯೋತ್ಸವ. ಇಲ್ಲಿ ಆಸ್ತಿ ತೆರಿಗೆಯ ಮೊದಲ ಕಂತು ಕಟ್ಟುವ ಕಾಲವೂ ಅವತ್ತೇ ಶುರು. ಡಿಸೆಂಬರ್ 10 ದಾಟಿದರೆ ದಂಡ. ಇದೆಲ್ಲ ನಿಮಗೆ ಬಾಯಿಪಾಠ. ಆದರೆ ಆ ಬಿಲ್ಲನ್ನು ಸಾಲು ಸಾಲಾಗಿ ಓದಿದವರು ಎಷ್ಟು ಜನ? ಹೊಸ ಬಡಾವಣೆಯ ರಸ್ತೆ, ಶಾಲೆಗಳಿಗೆ ಅಂತ ಹಾಕುವ ವಿಶೇಷ ತೆರಿಗೆ ಮೆಲ್ಲೊ-ರೂಸ್ ಕಂಡಾಗ ಬೈಯುತ್ತೇವೆ, ಅಷ್ಟೇ. ಸೊಳ್ಳೆ ನಿಯಂತ್ರಣಕ್ಕೂ ಅದರಲ್ಲಿ ಬೇರೆ ಸಾಲಿದೆ, ಮನೆಗೆ ಹೋಗಿ ನೋಡಿ.

ನಾನು ಹೇಳಬೇಕಾದದ್ದು ಒಂದೇ. ದುಡ್ಡು ಕಟ್ಟುವವರಿಗೆ ಲೆಕ್ಕ ಯಾರನ್ನು ಕೇಳಬೇಕು ಅಂತ ಗೊತ್ತಿರಬೇಕು.

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಈ ಆರೆಂಜ್ ಕೌಂಟಿಯಲ್ಲಿ ಸುಮಾರು 32 ಲಕ್ಷ ಜನ ಇದ್ದಾರೆ, ಹೆಚ್ಚು ಕಡಿಮೆ ಮೈಸೂರು ಜಿಲ್ಲೆಯಷ್ಟು. ಆಳುವ ಸೂಪರ್‌ವೈಸರ್‌ಗಳು, ಅಂದರೆ ಜನ ಆರಿಸಿದ ಪ್ರತಿನಿಧಿಗಳು, ಐದೇ ಜನ. ಇಡೀ ಕೊಡಗಿಗಿಂತ ಜಾಸ್ತಿ ಜನಕ್ಕೆ ಒಬ್ಬರು! ನಿಮ್ಮ ಸೂಪರ್‌ವೈಸರ್ ಹೆಸರು ಗೊತ್ತಿರುವವರು ಕೈ ಎತ್ತಿ. ಹಾಂ, ಇಬ್ಬರು. ಪರವಾಗಿಲ್ಲ.

ಈಗ ರಾಬರ್ಟ್ ಸಿಟ್ರನ್ ವಿಷಯಕ್ಕೆ ಬರೋಣ. ಇವರು ವರ್ಷಾನುಗಟ್ಟಲೆ ಈ ಕೌಂಟಿಯ ಖಜಾಂಚಿಯಾಗಿದ್ದವರು. 1978ರಲ್ಲಿ ಮತದಾರರೇ ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಬಂತು, ಆಸ್ತಿ ತೆರಿಗೆ ಶೇ. 1ಕ್ಕೆ ನಿಂತಿತು. ಮನೆಯ ತೆರಿಗೆ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಏರುವಂತಿಲ್ಲ. ಬಂದದ್ದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ, ಕೌಂಟಿಗೆ ಸಣ್ಣ ಪಾಲು. ಆದರೆ ಜೈಲು, ಸಾರ್ವಜನಿಕ ಆರೋಗ್ಯ, ಬಡವರ ನೆರವು ಎಲ್ಲ ಕೌಂಟಿಯ ತಲೆಮೇಲೆ. ಅಂಥ ಹೊತ್ತಿನಲ್ಲಿ ಖಜಾಂಚಿ ಸುಮ್ನೆ ಬಡ್ಡಿ ತಂದುಕೊಡುತ್ತಾರೆ ಅಂದರೆ ಯಾರು ಬೇಡ ಅಂತಾರೆ? ನಗರ, ಶಾಲಾ ಮಂಡಳಿ ಅಂತ ಸುಮಾರು 200 ಸರ್ಕಾರಿ ಸಂಸ್ಥೆಗಳು ಅವರ ಕೈಗೆ ದುಡ್ಡು ಕೊಟ್ಟವು. ನಮ್ಮ ಅರ್ವೈನ್ ಶಾಲಾ ಮಂಡಳಿಯಂತೂ ಸಾಲ ತಂದು ಹಾಕಿತು.

ಒಟ್ಟು 750 ಕೋಟಿ ಡಾಲರ್. ಅದನ್ನೇ ಅಡ ಇಟ್ಟು ಸಾಲ ಎತ್ತಿ, 2000 ಕೋಟಿಯ ಆಟ ಆಡಿದರು. ಬಡ್ಡಿದರ ಏರುವುದಿಲ್ಲ ಎಂಬುದೇ ಅವರ ಬಾಜಿ. 1994ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಅದನ್ನು ಶೇ. 3ರಿಂದ 5.5ಕ್ಕೆ ಏರಿಸಿತು. ಆ ವರ್ಷದ ಚುನಾವಣೆಯಲ್ಲಿ ಜಾನ್ ಮೂರ್‌ಲಾಕ್ ಎಂಬ ಲೆಕ್ಕಪರಿಶೋಧಕರು ಎದುರು ನಿಂತು, ಇದು ಮುಳುಗುತ್ತದೆ ಅಂತ ಊರೆಲ್ಲ ಹೇಳಿದ್ದರು. ಜನ ಸಿಟ್ರನ್ ಅವರನ್ನೇ ಗೆಲ್ಲಿಸಿದರು. ಈ ಖಜಾಂಚಿ ಬಡ್ಡಿದರದ ಬಗ್ಗೆ ಅಂಚೆಯಲ್ಲಿ ಜ್ಯೋತಿಷ್ಯ ತರಿಸಿಕೊಳ್ಳುತ್ತಿದ್ದರು ಅನ್ನುವುದು ಆಮೇಲೆ ಹೊರಬಿತ್ತು. ನಗಬೇಡಿ! ನಮ್ಮೂರ ಜೋಯಿಸರಾಗಿದ್ದರೆ ರಾಹುಕಾಲವನ್ನಾದರೂ ಹೇಳುತ್ತಿದ್ದರು.

ಡಿಸೆಂಬರ್ 6, 1994. ಕೌಂಟಿ ದಿವಾಳಿ ಅರ್ಜಿ ಹಾಕಿತು. ನಷ್ಟ 160 ಕೋಟಿ ಡಾಲರ್‌ಗೂ ಜಾಸ್ತಿ. ಮುಂದಿನ ಜೂನ್‌ನಲ್ಲಿ ಮಾರಾಟ ತೆರಿಗೆ ಅರ್ಧ ಸೆಂಟ್ ಏರಿಸೋಣವೇ ಅಂತ ಕೇಳಿದರೆ ಮತದಾರರು ಬೇಡ ಅಂದರು. ಅವರನ್ನು ನಾನು ಬೈಯುವುದಿಲ್ಲ. ಲಾಭ ಬರುತ್ತಿದ್ದಾಗ ಯಾರೂ ಅವರನ್ನು ಕರೆದು ಲೆಕ್ಕ ಒಪ್ಪಿಸಿರಲಿಲ್ಲ, ಅಲ್ವಾ? ಲೆಕ್ಕ ಯಾರನ್ನು ಕೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ.

ನಮ್ಮ ಕರ್ನಾಟಕದ ಕಡೆ ರೋಗ ಬೇರೆ. 1987ರಲ್ಲಿ ಹೆಗಡೆಯವರು, ನಜೀರ್ ಸಾಬ್ ಸೇರಿ ಜಿಲ್ಲಾ ಪರಿಷತ್ ತಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ದರ್ಜೆ ಸಿಕ್ಕಿತು, ತೆರಿಗೆ ಹಾಕುವ ಅಧಿಕಾರ ಸಿಗಲಿಲ್ಲ. ಇವತ್ತಿಗೂ ಮನೆ ಕಂದಾಯ ಎತ್ತುವುದು ಗ್ರಾಮ ಪಂಚಾಯಿತಿ. ಜಿಲ್ಲಾ ಪಂಚಾಯಿತಿ ಬೆಂಗಳೂರಿನಿಂದ ಬರುವ ಅನುದಾನದ ದಾರಿ ಕಾಯುತ್ತದೆ. 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅದಕ್ಕೆ ತೆರಿಗೆಯನ್ನು ಕೈಯಿಂದ ಕಟ್ಟಿದ್ದರೆ ಜನ ಸುಮ್ಮನಿರುತ್ತಿದ್ದರೇ?

ಚೀಟಿ ಬಂತು, ಐದೇ ನಿಮಿಷ ಅಂತೆ. ಸ್ಥಳೀಯ ಆಡಳಿತ ನಡೆಸುವ ಬೇರೆ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ.

ಕನೆಕ್ಟಿಕಟ್ ರಾಜ್ಯ 1960ರಲ್ಲಿ ಕೌಂಟಿ ಸರ್ಕಾರವನ್ನೇ ತೆಗೆದುಹಾಕಿತು. ಅಲ್ಲಿ 169 ಟೌನ್‌ಗಳದ್ದೇ ಆಡಳಿತ. ಟೌನ್ ಮೀರಿದ ಕೆಲಸಕ್ಕೆ ಮತ್ತೆ ಪ್ರಾದೇಶಿಕ ಮಂಡಳಿ ಕಟ್ಟಬೇಕಾಯಿತು. ನ್ಯಾಶ್‌ವಿಲ್ 1963ರಿಂದ ನಗರ, ಕೌಂಟಿ ಎರಡನ್ನೂ ಒಂದೇ ಮಾಡಿಕೊಂಡಿದೆ. ಚೆನ್ನಾಗಿದೆ, ಆದರೆ 34 ನಗರಗಳಿರುವ ನಮ್ಮ ಆರೆಂಜ್ ಕೌಂಟಿಯಲ್ಲಿ ಯಾವ ಮೇಯರ್ ಕುರ್ಚಿ ಬಿಡುತ್ತಾರೆ?

ನನಗೆ ಹಿಡಿಸಿದ್ದು ಪಕ್ಕದ ಲೇಕ್‌ವುಡ್ ದಾರಿ. 1954ರಲ್ಲಿ ಆ ಊರು ನಗರವಾಯಿತು, ಆದರೆ ಸ್ವಂತ ಪೊಲೀಸ್ ಕಟ್ಟಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್ ಜೊತೆ ಗುತ್ತಿಗೆ ಮಾಡಿಕೊಂಡಿತು. ನಮ್ಮ ಕೌಂಟಿಯ ಮಿಷನ್ ವಿಯೆಹೊ ನಗರವೂ ಹಾಗೇ ಮಾಡುತ್ತದೆ. ಇಷ್ಟು ಸೇವೆಗೆ ಇಷ್ಟು ದುಡ್ಡು ಅಂತ ಕಾಗದದ ಮೇಲೆ ಇರುತ್ತದೆ. ಜಾಸ್ತಿ ಅನ್ನಿಸಿದರೆ ನಗರಸಭೆಗೆ ಹೋಗಿ ಕೇಳಬಹುದು. ಶೆರಿಫ್ ದರ ಏರಿಸಿದಾಗ ನಗರಗಳು ಗೊಣಗುತ್ತವೆ, ನಿಜ. ಗೊಣಗಲಿ, ಆ ಗೊಣಗಾಟವಾದರೂ ಹೊರಗೆ ಕೇಳಿಸುತ್ತದೆ.

ಮೆಲ್ಲೊ-ರೂಸ್ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಅದು ಕಾಫಿ ಹೊತ್ತಿಗೆ. ಜಿಲ್ಲಾ ಪಂಚಾಯಿತಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿದ್ದಾರೆ. ಆಗಿನಿಂದ ತಲೆ ಅಲ್ಲಾಡಿಸುತ್ತಿದ್ದಾರೆ, ಒಪ್ಪಿಗೆಗೋ ಸಿಟ್ಟಿಗೋ ಗೊತ್ತಾಗುತ್ತಿಲ್ಲ. ಬನ್ನಿ ಸಾರ್, ಮೊದಲ ಪ್ರಶ್ನೆ ನಿಮ್ಮದೇ.