ಕಾಫಿ ದರ ಏರಿದಾಗ ನೆರಳಿನ ಮಾತು

ಕೇಳುಗರಿಗೆಲ್ಲ ನಮಸ್ಕಾರ.

ಮೂಡಿಗೆರೆ, ಸಕಲೇಶಪುರದ ಕಡೆ ಹಿರಿಯರು ಇಳಿಜಾರು ನೋಡಿ ಬೇಸಾಯ ಹೂಡಿದರು. ನೀರು ನಿಲ್ಲುವ ತಗ್ಗಿನಲ್ಲಿ ಗದ್ದೆ, ಗುಡ್ಡದ ಮೈಗೆ ಮರದಡಿಯ ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಸುಮಾರು 1,000 ಮೀಟರ್ ದಾಟಿದ ತಂಪಿಗೆ ಅರೇಬಿಕಾ ಕಾಫಿ, ಅದರ ಕೆಳಗೆ ರೋಬಸ್ಟಾ ಕಾಫಿ. ಕಾಫಿ ಹೂವನ್ನು ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲೇ ಹೋಯಿತು.

ಬೆಟ್ಟ ಹಾಕಿಕೊಟ್ಟ ಈ ಲೆಕ್ಕವನ್ನು ಪೇಟೆ ತಿದ್ದುತ್ತಲೇ ಬಂದಿದೆ. ಮೊದಲು ನಮ್ಮ ಕಾಫಿಯೆಲ್ಲ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಮಾರಾಟ ಮುಕ್ತವಾಯಿತು. ಈಗ ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯೇ ದಿಕ್ಕು. ವಿಯೆಟ್ನಾಂನಲ್ಲಿ ಬರ ಬಿದ್ದದ್ದೂ ಸೇರಿ 2024ರಲ್ಲಿ ರೋಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತು. ಬೆಳೆಗಾರನ ಕೈಗೆ ನಾಲ್ಕು ಕಾಸು ಬಂದದ್ದು ನನಗೂ ಸಂತೋಷವೇ.

ಆದರೆ ದರ ಏರಿದ ಕೂಡಲೇ ಕೊಡಲಿ ನೆರಳಿನ ಮರದತ್ತ ತಿರುಗುತ್ತದೆ. ಬಿಸಿಲು ಬಿದ್ದರೆ ಇಳುವರಿ ಹೆಚ್ಚು ಎಂಬ ಮಾತು ರೋಬಸ್ಟಾಕ್ಕೆ ಒಂದು ಮಿತಿಯವರೆಗೆ ನಿಜ. ಅರೇಬಿಕಾ ತೋಟದಲ್ಲಿ ಅದೇ ಬಿಸಿಲು ಬಿಳಿ ಕಾಂಡಕೊರಕವೆಂಬ, ಗಿಡದ ಕಾಂಡ ಕೊರೆಯುವ ಕೀಟವನ್ನು ಕರೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಅದರ ದುಂಬಿ ಹಾರುತ್ತದೆ. ಬಿಸಿಲಿಗೆ ತೆರೆದ ಕಾಂಡದ ತೊಗಟೆ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹುಳು ಒಳಗೆ ಸೇರಿದ ಮೇಲೆ ಗಿಡ ಕಿತ್ತು ಸುಡುವುದೊಂದೇ ದಾರಿ. ಕೊರಕಕ್ಕೆ ಸೋತು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದ ತೋಟಗಳು ನಮ್ಮಲ್ಲಿ ಕಡಿಮೆಯಿಲ್ಲ. ರೋಬಸ್ಟಾಕ್ಕೆ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಬೇಕು, ಸ್ಪ್ರಿಂಕ್ಲರ್‌ಗೆ ಕೆರೆ, ಹಳ್ಳದ ನೀರು ಬೇಕು.

ಆ ನೀರನ್ನು ಇಂಗಿಸುತ್ತಿದ್ದದ್ದು ತಗ್ಗಿನ ಗದ್ದೆ. ಭತ್ತದಿಂದ ಆಳಿನ ಕೂಲಿಯೂ ಹುಟ್ಟುವುದಿಲ್ಲವೆಂದು ಎಷ್ಟೋ ಗದ್ದೆ ಬೀಳುಬಿದ್ದಿವೆ, ಕೆಲವು ಶುಂಠಿಗೆ ಹೋಗಿವೆ. ರೈತರನ್ನು ದೂರಲಾರೆ. ಗದ್ದೆ ಇಂಗಿಸಿದ ನೀರಿಗೆ ಪೇಟೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅದಕ್ಕೆ ಬೆಲೆ ಕಟ್ಟುವ ಹೊಣೆ ಸರಕಾರದ್ದು.

ನೆರಳಿಗೆ ನೆಡುವ ಸಿಲ್ವರ್ ಓಕ್ ಮರ ಬೇಡವೆನ್ನುವುದಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿಗೆ ಆಸರೆಯಾಗುತ್ತದೆ, ಮಾರುವುದೂ ಸುಲಭ. ಅದರ ನಡುವೆ ಅತ್ತಿ, ಹಲಸು, ಹಾಲವಾಣವೂ ಇರಲಿ. ಈ ಸಲ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಜೊತೆಗೆ ನೀವೇ ನಿಲ್ಲಿ. ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಇಳಿಜಾರಿನ ಅರೇಬಿಕಾಕ್ಕೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ. ಅಲ್ಲಿ ಕೊಂಬೆ ಸ್ವಲ್ಪ ಹೆಚ್ಚೇ ಉಳಿಸಿ.

ನಮಸ್ಕಾರ.