ಊರು ಶ್ರೀಮಂತ, ಕೌನ್ಸಿಲ್ ಬಡವ: 2021ರಲ್ಲಿ ಹುಟ್ಟಿದ ಒಂದು ಇಂಗ್ಲಿಷ್ ಜಿಲ್ಲೆಯ ಕಥೆ

[ಪರದೆ: ಇಂಗ್ಲೆಂಡಿನ ನಕ್ಷೆ. ನಡುಭಾಗದಲ್ಲಿ ಒಂದು ಜಾಗ ಕೆಂಪಾಗುತ್ತದೆ.]

ನಮಸ್ಕಾರ. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು, ನೆನಪಿದೆ ಅಲ್ವಾ? ಅದೇ ವರ್ಷ ಏಪ್ರಿಲ್ 1ನೇ ತಾರೀಖು ಇಂಗ್ಲೆಂಡಿನಲ್ಲೂ ಒಂದು ಹೊಸ ಜಿಲ್ಲೆ ಹುಟ್ಟಿತು. ಹೆಸರು ವೆಸ್ಟ್ ನಾರ್ಥಾಂಪ್ಟನ್‌ಶೈರ್. ನಮ್ಮಲ್ಲಿ ಹೊಸ ಜಿಲ್ಲೆ ಬೇಕು ಅಂತ ಜನ ವರ್ಷಗಟ್ಟಲೆ ಹೋರಾಟ ಮಾಡುತ್ತಾರೆ, ಬಂದ್ ಕರೆಯುತ್ತಾರೆ. ಅಲ್ಲಿ ಜಿಲ್ಲೆ ಹುಟ್ಟಿದ್ದು ಹೋರಾಟದಿಂದಲ್ಲ. ಇದ್ದ ಕೌನ್ಸಿಲ್‌ನ ಖಜಾನೆ ಖಾಲಿಯಾಗಿ ಹುಟ್ಟಿತು.

ನನ್ನನ್ನು ಹಿಡಿದುಕೊಂಡ ಪ್ರಶ್ನೆ ಇದು. ಈ ಜಾಗದಲ್ಲಿ ಫಾರ್ಮುಲಾ ಒನ್ ಕಾರು ತಯಾರಾಗುತ್ತದೆ. ದುಬಾರಿ ಶೂಗಳು ತಯಾರಾಗುತ್ತವೆ. ದೇಶದ ಅರ್ಧ ಸಾಮಾನು ಇಲ್ಲಿನ ಗೋಡೌನ್ ಹಾದು ಹೋಗುತ್ತದೇನೋ ಅನ್ನಿಸುವಷ್ಟು ಲಾರಿಗಳು ಓಡಾಡುತ್ತವೆ. ಇಂಥ ಊರಿನ ಕೌನ್ಸಿಲ್ ದಿವಾಳಿ ಆಗೋದು ಹೇಗೆ?

ಮೊದಲು ಎರಡು ಮಾತು, ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯ ಥರ ಅಲ್ಲ. ಡಿ.ಸಿ. ಇಲ್ಲ, ತಹಶೀಲ್ದಾರರಿಲ್ಲ. ಜನ ಆರಿಸಿದ ಕೌನ್ಸಿಲರ್‌ಗಳೇ ಊರು ನಡೆಸುತ್ತಾರೆ. ಹಿಂದೆ ಎರಡು ಹಂತ ಇತ್ತು. ಮೇಲೆ ಕೌಂಟಿ ಕೌನ್ಸಿಲ್, ಹೆಚ್ಚುಕಮ್ಮಿ ನಮ್ಮ ಜಿಲ್ಲಾ ಪಂಚಾಯತ್ ಇದ್ದ ಹಾಗೆ. ಕೆಳಗೆ ಡಿಸ್ಟ್ರಿಕ್ಟ್ ಕೌನ್ಸಿಲ್. ನಾರ್ಥಾಂಪ್ಟನ್‌ಶೈರ್‌ನಲ್ಲಿ ಮೇಲೆ ಒಂದು, ಕೆಳಗೆ ಏಳು. ಒಟ್ಟು ಎಂಟು ಆಫೀಸು.

ನಿಮ್ಮ ಮನೆ ಮುಂದಿನ ಕಸದ ಡಬ್ಬಿಯನ್ನೇ ನೋಡಿ. ಅದನ್ನು ಎತ್ತಿಕೊಂಡು ಹೋಗುವುದು ಡಿಸ್ಟ್ರಿಕ್ಟ್ ಕೌನ್ಸಿಲ್ ಲಾರಿ. ಎತ್ತಿದ ಕಸವನ್ನು ಎಲ್ಲಿ ಸುರಿಯಬೇಕು, ಏನು ಮಾಡಬೇಕು ಅನ್ನುವುದು ಕೌಂಟಿ ಕೌನ್ಸಿಲ್ ಕೆಲಸ. ಆ ಲಾರಿ ಓಡುವ ರಸ್ತೆಯ ಗುಂಡಿ ಮುಚ್ಚುವುದೂ ಕೌಂಟಿಯೇ. ಒಂದೇ ಡಬ್ಬಿ, ಎರಡು ಸರ್ಕಾರ. ಇಂಗ್ಲೆಂಡಿನ ಕೆಲವು ಕೌಂಟಿಗಳಲ್ಲಿ ಇವತ್ತಿಗೂ ಹೀಗೇ ಇದೆ.

[ಪರದೆ: ತಾರೀಖು, 2 ಫೆಬ್ರವರಿ 2018]

ಈಗ ವಿಷಯಕ್ಕೆ ಬರೋಣ. 2018ರ ಫೆಬ್ರವರಿ 2ರಂದು ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್‌ನ ಹಣಕಾಸು ಅಧಿಕಾರಿ ಒಂದು ನೋಟಿಸ್ ಹೊರಡಿಸಿದರು. 1988ರ ಸ್ಥಳೀಯ ಹಣಕಾಸು ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ ಕೊಟ್ಟ ನೋಟಿಸ್. ಅದರ ಅರ್ಥ ಇಷ್ಟೇ: ಈ ವರ್ಷದ ಖರ್ಚಿಗೆ ಆದಾಯ ಸಾಲುವುದಿಲ್ಲ. ಇವತ್ತಿನಿಂದ ಹೊಸ ಖರ್ಚು ಬಂದ್. ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ ಮಾತ್ರ ನಡೆಯುತ್ತದೆ.

ಅಲ್ಲಿನ ಕೌನ್ಸಿಲ್ ಕಂಪನಿಯ ಥರ ಬಾಗಿಲು ಮುಚ್ಚಿಕೊಂಡು ಹೋಗುವ ಹಾಗಿಲ್ಲ. ದಿನದ ಖರ್ಚಿಗೆ ಸಾಲ ಎತ್ತುವ ಹಾಗೂ ಇಲ್ಲ. ಹಾಗಾಗಿ ಕೈ ಎತ್ತುವುದಕ್ಕೆ ಇರುವ ದಾರಿ ಈ ನೋಟಿಸ್ ಒಂದೇ. ಸುಮಾರು ಎರಡು ದಶಕಗಳಲ್ಲಿ ಯಾರೂ ಕೊಟ್ಟಿರದ ನೋಟಿಸ್ ಅದು. ಅದೇ ವರ್ಷ ಜುಲೈನಲ್ಲಿ ಇನ್ನೊಂದು ಸಲ ಕೊಡಬೇಕಾಯಿತು. ಕೌಂಟಿಯ 36 ಲೈಬ್ರರಿಗಳಲ್ಲಿ 21ನ್ನು ಮುಚ್ಚುವ ಯೋಚನೆ ಬಂತು. ಜನ ಕೋರ್ಟಿಗೆ ಹೋದರು, ಗೆದ್ದರು. ಈ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ. ದುಡ್ಡಿಲ್ಲ ಅಂದ ಕೂಡಲೇ ಮೊದಲು ಕತ್ತಿ ಬೀಳುವುದು ಲೈಬ್ರರಿ ಮೇಲೆ. ಅದು ಎಲ್ಲ ಕಡೆಯೂ ತಪ್ಪು.

ಸರ್ಕಾರ ಮ್ಯಾಕ್ಸ್ ಕಾಲರ್ ಎಂಬ ಅನುಭವಿ ಅಧಿಕಾರಿಯನ್ನು ತನಿಖೆಗೆ ಕಳಿಸಿತು. ಕೇಂದ್ರದಿಂದ ಬರುವ ಅನುದಾನ ಕಡಿಮೆಯಾಗಿತ್ತು, ನಿಜ. ಆದರೆ ಅದೇ ಕಷ್ಟದಲ್ಲಿದ್ದ ಬೇರೆ ಕೌಂಟಿಗಳು ಹೇಗೋ ನಿಭಾಯಿಸಿದ್ದವು. ಇಲ್ಲಿ ಲೆಕ್ಕದ ಮೇಲಿನ ಹಿಡಿತವೇ ತಪ್ಪಿತ್ತು. ರಿಪೇರಿ ಮಾಡುವುದಕ್ಕಿಂತ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟುವುದೇ ಒಳ್ಳೆಯದು ಎಂದು ಅವರು 2018ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಮೂರು ವರ್ಷದ ನಂತರ ಎಂಟೂ ಕೌನ್ಸಿಲ್ ಹೋದವು, ಎರಡು ಬಂದವು. ನಾರ್ತ್ ನಾರ್ಥಾಂಪ್ಟನ್‌ಶೈರ್ ಒಂದು. ನಾರ್ಥಾಂಪ್ಟನ್, ಡ್ಯಾವೆಂಟ್ರಿ, ಸೌತ್ ನಾರ್ಥಾಂಪ್ಟನ್‌ಶೈರ್ ಮೂರೂ ಸೇರಿ ಆಗಿದ್ದು ನಮ್ಮ ವೆಸ್ಟ್. 2021ರ ಜನಗಣತಿ ಪ್ರಕಾರ ಇಲ್ಲಿ ಸುಮಾರು 4 ಲಕ್ಷ 25 ಸಾವಿರ ಜನ. ನಮ್ಮ ಲೆಕ್ಕದಲ್ಲಿ ದೊಡ್ಡ ತಾಲ್ಲೂಕು.

[ಪರದೆ: ಗಾಜಿನ ದೊಡ್ಡ ಆಫೀಸ್ ಕಟ್ಟಡ]

ಈ ಕಟ್ಟಡ ನೋಡಿ. ಒನ್ ಏಂಜೆಲ್ ಸ್ಕ್ವೇರ್. ಹಳೇ ಕೌಂಟಿ ಕೌನ್ಸಿಲ್ 5.3 ಕೋಟಿ ಪೌಂಡ್ ಖರ್ಚು ಮಾಡಿ ಕಟ್ಟಿಸಿದ್ದು. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆ. ನಾಲ್ಕು ತಿಂಗಳಿಗೆ ದಿವಾಳಿ ನೋಟಿಸ್. ಆಮೇಲೆ ಕಟ್ಟಡವನ್ನೇ ಮಾರಿ, ಅದರಲ್ಲೇ ಬಾಡಿಗೆಗೆ ಕೂತರು. ಸಾಮಾನ್ಯವಾಗಿ ಆಸ್ತಿ ಮಾರಿದ ದುಡ್ಡನ್ನು ದಿನದ ಖರ್ಚಿಗೆ ಬಳಸುವಂತಿಲ್ಲ. ಸರ್ಕಾರ ಇವರಿಗೆ ವಿಶೇಷ ಅನುಮತಿ ಕೊಟ್ಟಿತು. ಸ್ವಂತ ಮನೆ ಮಾರಿ, ಅದೇ ಮನೆಯಲ್ಲಿ ಬಾಡಿಗೆಗಿದ್ದು, ಬಂದ ದುಡ್ಡಲ್ಲಿ ದಿನಸಿ ತರುವ ಸಂಸಾರ. ಹೊಸ ಜಿಲ್ಲೆ ಹುಟ್ಟಿದಾಗ ಹೊಸ ಕೌನ್ಸಿಲ್ ಬಂದು ಕೂತಿದ್ದೂ ಈ ಕಟ್ಟಡದಲ್ಲೇ.

ಈಗ ಊರಿನ ಸಂಪತ್ತು ನೋಡೋಣ. ಅದಕ್ಕೆ ನಿಮ್ಮನ್ನು ಒಂದು ಜಾಗಕ್ಕೆ ಕರೆದುಕೊಂಡು ಹೋಗಬೇಕು. ವಾಟ್‌ಫರ್ಡ್ ಗ್ಯಾಪ್. ತಗ್ಗು ಗುಡ್ಡಗಳ ನಡುವೆ ಒಂದು ಸಣ್ಣ ಕಣಿವೆ. ರೋಮನ್ನರು ಹಾಕಿದ ವಾಟ್ಲಿಂಗ್ ಸ್ಟ್ರೀಟ್ ಇಲ್ಲೇ ಹೋಗಿದೆ. ಪಕ್ಕದಲ್ಲಿ 19ನೇ ಶತಮಾನದ ಆರಂಭದ ಕಾಲುವೆ. ಅದರ ಪಕ್ಕ 1838ರಲ್ಲಿ ಪೂರ್ತಿಯಾದ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು ಮಾರ್ಗ. ಅದರಾಚೆ 1959ರ ನವೆಂಬರ್ 2ರಂದು ತೆರೆದ ಎಂ1 ಹೆದ್ದಾರಿ. ನಾಲ್ಕೂ ಕೂಗಳತೆ ದೂರದಲ್ಲಿ! ಎರಡು ಸಾವಿರ ವರ್ಷ, ನಾಲ್ಕು ಕಾಲದ ಎಂಜಿನಿಯರ್‌ಗಳು, ಎಲ್ಲರಿಗೂ ಇದೇ ಸಲೀಸಾದ ದಾರಿ ಅನ್ನಿಸಿದೆ. ಈ ನಕ್ಷೆ ನೋಡುತ್ತಾ ನಾನು ಒಂದು ಸಂಜೆ ಪೂರ್ತಿ ಕಳೆದೆ.

ಎಂ1ನ ಆ ಮೊದಲ ಭಾಗ ಮುಗಿಯುತ್ತಿದ್ದದ್ದು ಕ್ರಿಕ್ ಎಂಬ ಹಳ್ಳಿಯ ಹತ್ತಿರ. ಈಗ ಅಲ್ಲಿ ಡ್ಯಾವೆಂಟ್ರಿಯ ದೊಡ್ಡ ರೈಲ್ವೆ ಸರಕು ಟರ್ಮಿನಲ್ ಇದೆ, 1997ರಿಂದ. ಬಂದರಿನಿಂದ ಕಂಟೇನರ್‌ಗಳು ರೈಲಿನಲ್ಲಿ ಬರುತ್ತವೆ, ಗೋಡೌನ್ ಸೇರುತ್ತವೆ, ಲಾರಿ ಹತ್ತುತ್ತವೆ. ಬ್ರಿಟನ್ನಿನಲ್ಲಿ ಲಾರಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ಕಾನೂನು. ದೇಶದ ನಡುಮಧ್ಯದ ಈ ಜಾಗದಿಂದ ಹೊರಟರೆ ಬಹುಪಾಲು ದೊಡ್ಡ ಊರುಗಳನ್ನು ಆ ವಿರಾಮಕ್ಕೆ ಮೊದಲೇ ಮುಟ್ಟಬಹುದು. ಗೋಡೌನ್ ಕಟ್ಟುವವರಿಗೆ ಇನ್ನೇನು ಬೇಕು ಹೇಳಿ.

[ಪರದೆ: ಗೋಡೌನ್‌ಗಳ ಸಾಲು, ಮೇಲಿನಿಂದ]

ಇಷ್ಟೆಲ್ಲ ಇದ್ದೂ ಕೌನ್ಸಿಲ್ ಕೈ ಯಾಕೆ ಖಾಲಿ? ಏಕೆಂದರೆ ಈ ದುಡ್ಡಿನಲ್ಲಿ ಬಹುಪಾಲು ಕೌನ್ಸಿಲ್ ಹತ್ತಿರ ನಿಲ್ಲುವುದೇ ಇಲ್ಲ. ಕಂಪನಿ ತೆರಿಗೆ, ವ್ಯಾಟ್, ಆದಾಯ ತೆರಿಗೆ ಎಲ್ಲ ಲಂಡನ್ನಿಗೆ. ಗೋಡೌನ್, ಅಂಗಡಿ ಕಟ್ಟಡಗಳ ಮೇಲಿನ ಬಿಸಿನೆಸ್ ರೇಟ್ಸ್ ಎಂಬ ತೆರಿಗೆಯಲ್ಲಿ ಸುಮಾರು ಅರ್ಧ ಸ್ಥಳೀಯರಿಗೆ ಉಳಿಯುತ್ತದೆ, ಅದರಲ್ಲೂ ಕೂಡಿಸಿ ಕಳೆಯುವ ಲೆಕ್ಕ ಬೇರೆ. ಕೌನ್ಸಿಲ್ ತನ್ನದು ಅಂತ ಹೇಳಿಕೊಳ್ಳಬಹುದಾದ ದೊಡ್ಡ ಆದಾಯ ಒಂದೇ, ಕೌನ್ಸಿಲ್ ಟ್ಯಾಕ್ಸ್. ಅಂದರೆ ಮನೆ ಕಂದಾಯ.

ನಾನು ಈ ವಿಡಿಯೋ ಮಾಡಿದ್ದೇ ಈ ಕೌನ್ಸಿಲ್ ಟ್ಯಾಕ್ಸ್‌ಗಾಗಿ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಮನೆ ಕಂದಾಯ ಹಾಕಲು ಮನೆಯ ಬೆಲೆ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಯಾವ ಬೆಲೆ ಹಿಡಿಯುತ್ತಾರೆ ಗೊತ್ತಾ? 1991ರ ಏಪ್ರಿಲ್ 1ನೇ ತಾರೀಖಿನ ಬೆಲೆ. ಇವತ್ತಿಗೂ. ಅದಾದ ಮೇಲೆ ಅಲ್ಲಿ ಮರು ಮೌಲ್ಯಮಾಪನ ಆಗಿಯೇ ಇಲ್ಲ.

ಹಾಗಾದರೆ ಕಳೆದ ವರ್ಷ ಕಟ್ಟಿದ ಮನೆಗೆ? ಅದಕ್ಕೂ 1991ರ ಬೆಲೆಯೇ! ನಾರ್ಥಾಂಪ್ಟನ್ ಅಂಚಿನಲ್ಲಿ ಹೊಸ ಬಡಾವಣೆ ಎದ್ದಿದೆ ಅಂದುಕೊಳ್ಳಿ. 1991ರಲ್ಲಿ ಅಲ್ಲಿ ಗೋಧಿ ಹೊಲ. ಮನೆಯ ಬಣ್ಣ ಇನ್ನೂ ಒಣಗಿಲ್ಲ. ಒಬ್ಬ ಅಧಿಕಾರಿ ಕೂತು, 'ಈ ಮನೆ 1991ರ ಏಪ್ರಿಲ್ 1ರಂದು ಇಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು' ಎಂದು ಅಂದಾಜು ಹಾಕುತ್ತಾರೆ. ವೈಟ್‌ಫೀಲ್ಡಿನ ಹೊಸ ಫ್ಲಾಟಿಗೆ 1991ರ ವೈಟ್‌ಫೀಲ್ಡಿನ ರೇಟು ಕಟ್ಟಿದ ಹಾಗೆ. ಆಗ ಅಲ್ಲಿ ಏನಿತ್ತು ಅಂತ ಬೆಂಗಳೂರಿನ ಹಳಬರನ್ನು ಕೇಳಿ.

[ಪರದೆ: ಎ ಯಿಂದ ಎಚ್ ವರೆಗೆ ಎಂಟು ಮೆಟ್ಟಿಲು]

ಆ ಬೆಲೆಯ ಮೇಲೆ ಮನೆಗಳನ್ನು ಎಂಟು ಬ್ಯಾಂಡ್ ಮಾಡಿದ್ದಾರೆ. 40 ಸಾವಿರ ಪೌಂಡ್‌ವರೆಗಿನದು ಎ. 3 ಲಕ್ಷ 20 ಸಾವಿರ ದಾಟಿದ್ದೆಲ್ಲ ಎಚ್. ಎಚ್ ಬ್ಯಾಂಡಿನವರು ಎ ಬ್ಯಾಂಡಿನವರಿಗಿಂತ ಮೂರು ಪಟ್ಟು ಮಾತ್ರ ಕಟ್ಟುತ್ತಾರೆ. ಮನೆಯ ಬೆಲೆ ಇಪ್ಪತ್ತು ಪಟ್ಟು ಇರಲಿ, ಐವತ್ತು ಪಟ್ಟು ಇರಲಿ, ತೆರಿಗೆ ಮೂರೇ ಪಟ್ಟು. ಸಣ್ಣ ಮನೆಯಲ್ಲಿರುವವರ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಯಾವ ಪಕ್ಷದ ಸರ್ಕಾರವೂ ಇದುವರೆಗೆ ಮನೆಗಳ ಬೆಲೆಯನ್ನೆಲ್ಲ ಹೊಸದಾಗಿ ಕಟ್ಟಿಲ್ಲ. ಬೆಲೆ ಹೊಸದಾಗಿ ಕಟ್ಟಿದರೆ ಲಕ್ಷಾಂತರ ಮನೆಗಳಿಗೆ ತೆರಿಗೆ ಏರುತ್ತದೆ. ಏರಿದವರು ವೋಟು ಹಾಕುತ್ತಾರಾ? ಪಕ್ಕದ ವೇಲ್ಸ್ ಮಾತ್ರ ಧೈರ್ಯ ಮಾಡಿ 2003ರ ಬೆಲೆಗೆ ಬಂತು.

ರೇಟು ಏರಿಸೋಣ ಅಂದರೆ ಅದಕ್ಕೂ ಮಿತಿ ಇದೆ. ಸಾಮಾನ್ಯವಾಗಿ ವರ್ಷಕ್ಕೆ ಸುಮಾರು ಶೇ 5 ದಾಟಿದರೆ ಊರಿನ ಜನರ ಮತ ಕೇಳಬೇಕು.

ಇತ್ತ ಖರ್ಚು? ಜನ ನೋಡುವುದು ರಸ್ತೆ, ಕಸ, ಪಾರ್ಕು. ಆದರೆ ಇಂಥ ಕೌನ್ಸಿಲ್‌ಗಳ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಆರೈಕೆಗೆ. ಕೈಲಾಗದ ವಯಸ್ಸಾದವರು, ಅಂಗವಿಕಲರು, ಮನೆಯಲ್ಲಿ ಸುರಕ್ಷಿತವಲ್ಲದ ಮಕ್ಕಳು. ಬೆಳಿಗ್ಗೆ ಒಬ್ಬ ಅಜ್ಜಿಯ ಮನೆಗೆ ಆರೈಕೆಯವರು ಬಂದು ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಬ್ರೆಡ್ ಬಿಸಿ ಮಾಡಿಕೊಟ್ಟು ಹೋಗುತ್ತಾರಲ್ಲ, ಅಜ್ಜಿಗೆ ಸ್ವಂತ ಅನುಕೂಲ ಇಲ್ಲದಿದ್ದರೆ ಅದರ ಬಿಲ್ಲು ಕೌನ್ಸಿಲ್‌ಗೆ. ಈ ಕೆಲಸ ನಿಲ್ಲಿಸುವಂತಿಲ್ಲ, ನಿಲ್ಲಿಸಲೂಬಾರದು. ಅಜ್ಜಂದಿರ ಸಂಖ್ಯೆ ಏರುತ್ತದೆ, ಮನೆಯ ಬೆಲೆ 1991ರಲ್ಲೇ ನಿಂತಿದೆ. ಗಡಿ ಬದಲಾಯಿಸಿ ಎಂಟು ಆಫೀಸನ್ನು ಎರಡು ಮಾಡಿದರೆ ಮೇಲುಖರ್ಚು ಉಳಿಯುತ್ತದೆ, ನಿಜ. ಅಜ್ಜಿಯ ಬಿಲ್ಲು ಹಾಗೇ ಇರುತ್ತದೆ.

ವಿಡಿಯೋ ಉದ್ದ ಆಯಿತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಶೂ: ನಾರ್ಥಾಂಪ್ಟನ್ ನೂರಾರು ವರ್ಷಗಳಿಂದ ಚಮ್ಮಾರರ ಊರು. ಟ್ರಿಕರ್ಸ್, ಚರ್ಚಸ್, ಕ್ರಾಕೆಟ್ ಅಂಡ್ ಜೋನ್ಸ್ ಇವತ್ತಿಗೂ ಅಲ್ಲೇ ಹೊಲಿಯುತ್ತವೆ. ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ 'ಕಾಬ್ಲರ್ಸ್', ಅವರಿಗೆ ಅದು ಹೆಮ್ಮೆ. ಕಾರು: ಮರ್ಸಿಡಿಸ್ ಫಾರ್ಮುಲಾ ಒನ್ ತಂಡ ಬ್ರ್ಯಾಕ್ಲಿಯಲ್ಲಿದೆ, ಎಂಜಿನ್ ತಯಾರಾಗುವುದು ಬ್ರಿಕ್ಸ್‌ವರ್ತ್‌ನಲ್ಲಿ, ಎರಡೂ ಇದೇ ಜಿಲ್ಲೆ. ಜಿಲ್ಲೆಯ ಗಡಿಯಲ್ಲೇ ಸಿಲ್ವರ್‌ಸ್ಟೋನ್ ಟ್ರ್ಯಾಕ್. 1950ರ ಮೇ 13ರಂದು ಮೊದಲ ವಿಶ್ವ ಚಾಂಪಿಯನ್‌ಷಿಪ್ ರೇಸ್ ನಡೆದದ್ದು ಅಲ್ಲೇ. ರಾಜಕೀಯ: 2021ರಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದಿತ್ತು, 2025ರ ಮೇನಲ್ಲಿ ರಿಫಾರ್ಮ್ ಯುಕೆ ಅಧಿಕಾರ ಹಿಡಿಯಿತು. ನಾರ್ಥಾಂಪ್ಟನ್ ಊರಿಗೆ 1189ರಲ್ಲಿ ರಾಜ ಒಂದನೇ ರಿಚರ್ಡ್ ಸನ್ನದು ಕೊಟ್ಟಿದ್ದ. ಊರಿನ ಹಳೇ ಕೌನ್ಸಿಲ್ 2021ರಲ್ಲಿ ಹೋಯಿತು, ಊರಿಗೆ ಬೇರೆ ಟೌನ್ ಕೌನ್ಸಿಲ್ ಮಾಡಿ ಮೇಯರ್ ಪದವಿ ಉಳಿಸಿಕೊಂಡರು.

ನಾರ್ಥಾಂಪ್ಟನ್‌ಶೈರ್ ಆದ ಮೇಲೆ 114ರ ನೋಟಿಸ್ ಕೊಟ್ಟವರು ಕ್ರಾಯ್ಡನ್, ಸ್ಲೌ, ಥರಕ್, ವೋಕಿಂಗ್. 2023ರಲ್ಲಿ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್. ಉಳಿದಿರುವ ಎರಡು ಹಂತದ ಕೌಂಟಿಗಳನ್ನೆಲ್ಲ ಒಂದೇ ಹಂತಕ್ಕೆ ತರುತ್ತೇವೆ ಎಂದು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಇಂಥ ಹೊಸ ಜಿಲ್ಲೆಗಳು ಇನ್ನೂ ಬಹಳ ಬರಲಿವೆ.

ಕೊನೆಯದಾಗಿ, ಇಂಗ್ಲೆಂಡಿನಲ್ಲಿ ಕೂತು ಇದನ್ನು ನೋಡುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಮಾತು. ಮನೆಯಲ್ಲಿ ಇರುವವರೆಲ್ಲ ಫುಲ್‌ಟೈಮ್ ವಿದ್ಯಾರ್ಥಿಗಳಾಗಿದ್ದರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕಾಗಿಲ್ಲ. ದೊಡ್ಡವರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ ಇದೆ. ಅರ್ಜಿ ನೀವೇ ಹಾಕಬೇಕು. ಪಕ್ಕದ ಅದೇ ಥರದ ಮನೆಗಿಂತ ನಿಮ್ಮ ಬ್ಯಾಂಡ್ ಮೇಲಿದ್ದರೆ ಮರುಪರಿಶೀಲನೆ ಕೇಳಬಹುದು. ಆದರೆ ಕೇಳುವ ಮುಂಚೆ ಅಕ್ಕಪಕ್ಕದ ನಾಲ್ಕು ಮನೆಯ ಬ್ಯಾಂಡ್ ನೋಡಿಕೊಳ್ಳಿ, ಕೆಲವು ಸಲ ಪರಿಶೀಲನೆಯಲ್ಲಿ ಬ್ಯಾಂಡ್ ಮೇಲಕ್ಕೂ ಹೋಗುತ್ತದೆ.